ಕಾವಲಿನ ನೆಲಜೀರುಂಡೆಗಳು: ಮೇಯಿಸಿದ ಕಡೆ ಒಂದು ಬಗೆ, ಬೇಲಿಯೊಳಗೆ ಇನ್ನೊಂದು ಬಗೆ. ಏಕೆ?

ಕಾವಲಂಚಿನ ಮನೆ:
ಕಡೂರು ಕಡೆಯ ಒಂದು ಅಮೃತಮಹಲ್ ಕಾವಲಿಗೆ, ಅಂದರೆ ಹಿಂದೆ ಅರಸರ ದನಗಳಿಗೆಂದು ಕಾಪಾಡಿದ ಹುಲ್ಲುಗಾವಲಿಗೆ, ಹೊಂದಿಕೊಂಡಂತೆ ನಮ್ಮ ಜಮೀನಿದೆ. ಕಾವಲಿನ ಒಂದು ಭಾಗದಲ್ಲಿ ವರ್ಷವಿಡೀ ದನ, ಕುರಿ ಮೇಯುತ್ತವೆ. ಇನ್ನೊಂದು ಭಾಗಕ್ಕೆ ತಂತಿಬೇಲಿ ಇದೆ. ಅಲ್ಲಿ ಹುಲ್ಲನ್ನು ಬೆಳೆಯಲು ಬಿಟ್ಟು ದೀಪಾವಳಿ ಕಳೆದ ಮೇಲೆ ಕೊಯ್ದು ಬಣವೆ ಒಟ್ಟುತ್ತಾರೆ. ಭರಣಿ ಮಳೆ ಬಿದ್ದ ಮೇಲೆ ರಾತ್ರಿ ಟಾರ್ಚ್ ಹಿಡಿದು ಎರಡೂ ಕಡೆ ಓಡಾಡುವ ಅಭ್ಯಾಸ ನನಗಿದೆ. ಮೇಯಿಸಿದ ನೆಲದಲ್ಲಿ ಸಣ್ಣ, ಮಿರುಗುವ, ಬೆಳಕು ಬಿದ್ದೊಡನೆ ಓಡುವ ಜೀರುಂಡೆಗಳು ಹೇರಳ. ಬೇಲಿಯೊಳಗೆ ಅವು ಕಡಿಮೆ. ಆದರೆ ಕಲ್ಲುಗುಡ್ಡೆ, ಕುರುಚಲು ಇರುವ ಆ ಬದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಜೀರುಂಡೆ ಸಿಗುತ್ತದೆ. ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಮೇಯಿಸಿದ ಕಡೆ ಅದನ್ನು ನಾನು ಕಂಡೇ ಇಲ್ಲ.

ಇದನ್ನು ಈಗ ಕೇಳಲು ಕಾರಣವಿದೆ. ಕಾವಲು ಪಾಳು ಬಿದ್ದಿದೆ, ಸುತ್ತಲೂ ಕಂದಕ ತೋಡಿಸಿ ಒಳಗೆ ಸಾಲಾಗಿ ಸಸಿ ನೆಡಿಸಬೇಕು ಎಂದು ಊರಿನಲ್ಲಿ ಮಾತು ಎದ್ದಿದೆ. ಗ್ರಾಮಸಭೆಯಲ್ಲಿ ನಾನು ವಿರೋಧಿಸಲಿದ್ದೇನೆ. ಬರೀ ಪ್ರೀತಿಯಿಂದ ಮಾತನಾಡಿದರೆ ಯಾರೂ ಕೇಳುವುದಿಲ್ಲ. ಮೇಯಿಸುವುದು, ಕೊಯ್ಯುವುದು, ಸುಡುವುದು, ಗಿಡ ನೆಡುವುದು, ಇವುಗಳಲ್ಲಿ ಯಾವುದು ನೆಲದ ಜೀವಗಳಿಗೆ ಏನು ಮಾಡುತ್ತದೆ? ತಿಳಿದವರು ಬಿಡಿಸಿ ಹೇಳಿ.

ಕೀಟಶಾಸ್ತ್ರ ವಿದ್ಯಾರ್ಥಿನಿ:
ನೀವು ಹೇಳಿದ ದೊಡ್ಡದು ಆಂಥಿಯಾ ಸೆಕ್ಸ್‌ಗುಟಾಟಾ ಇರಬೇಕು, ಆರು ಚುಕ್ಕೆಯ ನೆಲಜೀರುಂಡೆ. ನಾಲ್ಕು ಚುಕ್ಕೆ ಮೇಲ್ರೆಕ್ಕೆಗಳ ಮೇಲೆ, ಎರಡು ಎದೆಭಾಗದ ಮೇಲೆ. ನಾಲ್ಕು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಹಾರಲಾರದು. ಬರಿಗೈಯಲ್ಲಿ ಹಿಡಿಯಬೇಡಿ, ಹಿಂಭಾಗದಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಮುಖದ ಹತ್ತಿರವಂತೂ ಒಯ್ಯಲೇಬೇಡಿ.

ನೀವು ಕಂಡ ವ್ಯತ್ಯಾಸಕ್ಕೆ ಬರುತ್ತೇನೆ. ನೆಲಜೀರುಂಡೆಗಳ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 40,000 ಜಾತಿಗಳಿವೆ. ಹೆಚ್ಚಿನವು ಬೇಟೆಗಾರರು, ಕೆಲವು ಬೀಜ ತಿನ್ನುತ್ತವೆ. ಮರಿಹುಳು ಮಣ್ಣಿನೊಳಗೇ ಬೆಳೆಯುವುದರಿಂದ ನೆಲಕ್ಕೆ ನಾವು ಮಾಡುವುದೆಲ್ಲ ನೇರವಾಗಿ ಇವುಗಳಿಗೆ ತಟ್ಟುತ್ತದೆ. ಯೂರೋಪಿನ ಹುಲ್ಲುಗಾವಲುಗಳಲ್ಲಿ ಈ ವಿಷಯವನ್ನು ಬಹಳ ಓದಿದ್ದಾರೆ. ಉತ್ತು, ಗೊಬ್ಬರ ಸುರಿದು, ಮತ್ತೆ ಮತ್ತೆ ಕೊಯ್ದು ಹುಲ್ಲನ್ನು ಹೆಚ್ಚು ದುಡಿಸಿದಷ್ಟೂ ದೊಡ್ಡ, ಹಾರಲಾರದ, ನಿಧಾನವಾಗಿ ಬೆಳೆಯುವ ಜಾತಿಗಳು ಹಿಂದೆ ಸರಿಯುತ್ತವೆ. ಸಣ್ಣ, ರೆಕ್ಕೆಯುಳ್ಳ, ಎಲ್ಲಿಯೂ ಬದುಕಬಲ್ಲ ಜಾತಿಗಳು ಮುಂದೆ ಬರುತ್ತವೆ. ಕಾರಣ ಸರಳ. ತೊಂದರೆಯಾದ ಜಾಗಕ್ಕೆ ರೆಕ್ಕೆಯಿದ್ದದ್ದು ಮತ್ತೆ ಹಾರಿ ಬರುತ್ತದೆ, ಇಲ್ಲದ್ದು ಬರಲಾರದು. ಒಂದೇ ಜಾತಿಯಲ್ಲಿ ಕೆಲವಕ್ಕೆ ಪೂರ್ಣ ರೆಕ್ಕೆ, ಕೆಲವಕ್ಕೆ ಮೊಟುಕು ರೆಕ್ಕೆ ಇರುವುದೂ ಉಂಟು.

ಮಣ್ಣಿನ ತೇವವೂ ನಿರ್ವಹಣೆಯಷ್ಟೇ ದೊಡ್ಡ ಅಂಶ. ನಿಮ್ಮ ಬೇಲಿಯೊಳಗಿನ ನೆಲ ತಗ್ಗಿನಲ್ಲಿದೆಯೇ ಎಂದು ನೋಡಿ.

ಬಯಲುಸೀಮೆ ರೈತ:
ಇಷ್ಟು ಬೇಗ ತೀರ್ಮಾನ ಬೇಡ. ಗಿಡ್ಡ ಹುಲ್ಲಿನಲ್ಲಿ ಟಾರ್ಚ್ ಬಿಟ್ಟರೆ ಎಲ್ಲವೂ ಕಾಣುತ್ತದೆ, ಮೊಣಕಾಲೆತ್ತರದ ಕರಡದಲ್ಲಿ ಏನು ಕಾಣುತ್ತದೆ? ಸಣ್ಣವು ಬೇಲಿಯೊಳಗೂ ಇರಬಹುದು, ಹುಲ್ಲಿನ ಬುಡದಲ್ಲಿ.

ಕೀಟಶಾಸ್ತ್ರ ವಿದ್ಯಾರ್ಥಿನಿ:
ಸರಿಯಾದ ಪ್ರಶ್ನೆ. ಗುಂಡಿಬಲೆ ಹಾಕಿದರೂ ಇದೇ ತೊಡಕು. ನೆಲಕ್ಕೆ ಸಮವಾಗಿ ಲೋಟ ಹೂತು, ಬಿದ್ದ ಜೀರುಂಡೆ ಎಣಿಸುವ ಕ್ರಮ ಅದು. ದಟ್ಟ ಹುಲ್ಲಿನಲ್ಲಿ ಓಡಾಟ ಕಷ್ಟ, ಆದ್ದರಿಂದ ಬೀಳುವುದು ಕಡಿಮೆ. ಬೋಳು ನೆಲದಲ್ಲಿ ಓಡಾಟ ಸಲೀಸು, ಬೀಳುವುದು ಹೆಚ್ಚು. ಲೋಟದ ಲೆಕ್ಕ ಸಂಖ್ಯೆಯನ್ನೂ ಚಟುವಟಿಕೆಯನ್ನೂ ಸೇರಿಸಿ ಹೇಳುತ್ತದೆ. 1960ರ ದಶಕದಿಂದಲೇ ಈ ಎಚ್ಚರಿಕೆ ಇದೆ. ಎಷ್ಟು ಬಿದ್ದವು ಎಂಬುದಕ್ಕಿಂತ ಯಾವ ಯಾವ ಜಾತಿ ಬಿದ್ದವು ಎಂಬುದನ್ನು ಹೆಚ್ಚು ನಂಬಬಹುದು.

ಹೆಸರಘಟ್ಟದ ಹಕ್ಕಿ ನೋಡುವವಳು:
ಚುಕ್ಕೆಗಳನ್ನು ಎಣಿಸಿದಿರಾ? ಏಳು ಇದ್ದರೆ ಅದು ಜೀರುಂಡೆಯೇ ಅಲ್ಲ, ಥೀರಿಯಾ ಎಂಬ ಜಿರಲೆ. ಕಪ್ಪು ಮೈ, ಬಿಳಿ ಚುಕ್ಕೆ, ದಕ್ಷಿಣ ಭಾರತದ ಕುರುಚಲು ಕಾಡಿನ ತರಗೆಲೆಯಲ್ಲಿ ವಾಸ. ಆಮ್ಲ ಚಿಮ್ಮಿಸುವ ಆರು ಚುಕ್ಕೆಯದರ ವೇಷ ತೊಟ್ಟು ಹಕ್ಕಿಗಳಿಂದ ಪಾರಾಗುತ್ತದೆ ಎಂದು ಹೇಳುತ್ತಾರೆ. ನಾನು ಎರಡನ್ನೂ ನೋಡಿದ್ದೇನೆ. ಜಿರಲೆ ದುಂಡಗೆ, ಗಾತ್ರದಲ್ಲಿ ಚಿಕ್ಕದು. ಆಂಥಿಯಾಕ್ಕೆ ಉದ್ದ ಕಾಲು, ಮುಂದಕ್ಕೆ ಚಾಚಿದ ದವಡೆ. ನಡಿಗೆಯಲ್ಲೇ ಗೊತ್ತಾಗುತ್ತದೆ.

ಕಾವಲಂಚಿನ ಮನೆ:
ಆರು. ದವಡೆಯೂ ಇದೆ, ಫೋಟೊ ಹಾಕುತ್ತೇನೆ. ತಗ್ಗಿನ ಪ್ರಶ್ನೆಗೆ ಉತ್ತರ: ಎರಡೂ ಕಡೆ ಒಂದೇ ಕೆಂಪು ಮರಳುಮಣ್ಣು, ಒಂದೇ ಇಳಿಜಾರು. ಹಾಗಾಗಿ ವ್ಯತ್ಯಾಸ ಬಳಕೆಯದೇ ಎಂದು ನನಗೆ ಅನ್ನಿಸಿದ್ದು.

ಬವೇರಿಯಾದ ಕನ್ನಡಿಗ:
ಇಲ್ಲಿನದನ್ನು ಹೇಳುತ್ತೇನೆ, ಹೋಲಿಸಿ ನೋಡಿ. ದನದ ಮೇವಿಗಾಗಿ ಇಲ್ಲಿನ ಹುಲ್ಲುಗಾವಲನ್ನು ವರ್ಷಕ್ಕೆ ನಾಲ್ಕೈದು ಬಾರಿ ಯಂತ್ರದಿಂದ ಕೊಯ್ಯುತ್ತಾರೆ. ಪ್ರತಿ ಕೊಯ್ಲಿನ ನಂತರ ಸಗಣಿಗಂಜಲದ ದ್ರವಗೊಬ್ಬರ ಹರಿಸುತ್ತಾರೆ. ನೋಡಲು ಹಸಿರೋ ಹಸಿರು. ಆದರೆ ಅಂಥ ಹುಲ್ಲಿನಲ್ಲಿ ಕ್ಯಾರಬಸ್ ಎಂಬ ದೊಡ್ಡ ನೆಲಜೀರುಂಡೆ ಸಿಗುವುದು ಅಪರೂಪ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಕೊಯ್ಯುವ ಹಳೆಯ ಬಗೆಯ ಹುಲ್ಲುಗಾವಲಿನ ಕಥೆ ಬೇರೆ. ತಿರುಗುವ ಅಲಗಿನ ಯಂತ್ರ ಹುಲ್ಲಿನೊಂದಿಗೆ ಹುಳುಗಳನ್ನೂ ಕತ್ತರಿಸುತ್ತದೆ. ಅಲಗನ್ನು ನೆಲದಿಂದ ಸ್ವಲ್ಪ ಮೇಲೆತ್ತಿದರೂ ಉಳಿಯುವವು ಹೆಚ್ಚುತ್ತವೆ.

ಜರ್ಮನಿಯಲ್ಲಿ ಕ್ಯಾರಬಸ್ ಕುಲದ ಎಲ್ಲ ದೇಶೀಯ ಜಾತಿಗಳಿಗೂ ಕಾನೂನಿನ ರಕ್ಷಣೆ ಇದೆ, ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ನಮ್ಮಲ್ಲಿ ಆಂಥಿಯಾದಂಥ ಜೀರುಂಡೆಯ ಹೆಸರನ್ನು ಎಷ್ಟು ಜನ ಕೇಳಿದ್ದಾರೆ?

ನಿಮ್ಮ ಕಾವಲಿನಲ್ಲಿ ಕುಡುಗೋಲಿನಿಂದ ಕೊಯ್ಯುತ್ತಾರೆ ಎಂದುಕೊಳ್ಳುತ್ತೇನೆ. ಅದು ದೊಡ್ಡ ಅನುಕೂಲ. ಇಲ್ಲಿ ಈಗ ಕೊಯ್ಲಿನ ವೇಳೆ ಸುಮಾರು ಹತ್ತರಲ್ಲಿ ಒಂದು ಭಾಗದ ಹುಲ್ಲನ್ನು ಪಟ್ಟಿಯಾಗಿ ಹಾಗೆಯೇ ಉಳಿಸಿ, ಮುಂದಿನ ಕೊಯ್ಲಿಗೆ ಬೇರೆಡೆ ಪಟ್ಟಿ ಬಿಡಿ ಎಂದು ರೈತರಿಗೆ ಹೇಳುತ್ತಿದ್ದಾರೆ. ಗ್ರಾಮಸಭೆಯಲ್ಲಿ ಅದನ್ನೇ ಕೇಳಿ.

ಕುರಿಹಟ್ಟಿ:
ಎಲ್ಲರೂ ಓದಿದವರ ಹಾಗೆ ಮಾತನಾಡುತ್ತಿದ್ದೀರಿ, ಕೊನೆಗೆ ತಪ್ಪು ಬಂದು ಬೀಳುವುದು ಕುರಿಯ ಮೇಲೆಯೇ. ಮೇಯಿಸಿದ ಕಡೆ ದೊಡ್ಡ ಜೀರುಂಡೆ ಇಲ್ಲ ಎಂದ ಕೂಡಲೇ ನಾಳೆ ಅಧಿಕಾರಿ ಬಂದು ಮೇಯಿಸುವುದನ್ನು ನಿಲ್ಲಿಸಿ ಎನ್ನುತ್ತಾರೆ. ಮೇಯದ ಕಾವಲು ಏನಾಗುತ್ತದೆ ಎಂದು ನಾವು ಕಂಡಿದ್ದೇವೆ. ಬಳ್ಳಾರಿ ಜಾಲಿ ಬರುತ್ತದೆ, ಲಂಟಾನ ಬರುತ್ತದೆ, ಹುಲ್ಲು ಹೋಗುತ್ತದೆ. ಹುಲ್ಲೇ ಹೋದ ಮೇಲೆ ಯಾವ ಜೀರುಂಡೆಯನ್ನು ಎಣಿಸುತ್ತೀರಿ?

ಕಾವಲುಗಳನ್ನು ಮೊದಲು ಹೇಗೆ ನಡೆಸುತ್ತಿದ್ದರು ಎಂದು ಹಿರಿಯರನ್ನು ಕೇಳಿ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಇದ್ದವು. ಬೇಸಿಗೆಯವು ಕೆರೆಯಂಗಳ, ನೆರಳು ಇರುವ ಕಡೆ. ದನ ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಬೀಜ ಬಿಟ್ಟು ಚೇತರಿಸಿಕೊಳ್ಳುತ್ತಿತ್ತು. ಈಗ ಕಾವಲುಗಳೆಲ್ಲ ತುಂಡು ತುಂಡಾಗಿ ಹಂಚಿಹೋಗಿ, ಉಳಿದ ಒಂದು ಮೂಲೆಯಲ್ಲಿ ಎಲ್ಲ ಊರಿನ ದನ, ಕುರಿ ವರ್ಷವಿಡೀ ನಿಲ್ಲಬೇಕಾಗಿದೆ. ಅದು ಕುರಿಗಾರನ ತಪ್ಪೇ?

ಕಾವಲಂಚಿನ ಮನೆ:
ಅಣ್ಣಾ, ಮೇಯಿಸುವುದನ್ನು ನಿಲ್ಲಿಸಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ನಮ್ಮ ಮನೆಯ ದನಗಳೂ ಅಲ್ಲೇ ಮೇಯುತ್ತವೆ.

ಹಳೆಯ ದಾಖಲೆ ಓದುವವ:
ಕುರಿಹಟ್ಟಿಯವರು ಹೇಳಿದ ಮೂರು ಋತುವಿನ ವಿಂಗಡಣೆ ಮೈಸೂರು ಸಂಸ್ಥಾನದ ಗೆಜೆಟಿಯರ್‌ನಲ್ಲಿಯೂ ಇದೆ. ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ಅರಮನೆಯ ದನಗಳ ಇಲಾಖೆಯ ದನಗಳು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದವು. ಫಿರಂಗಿ ಎಳೆಯುವ ಎತ್ತುಗಳನ್ನು ಬೆಳೆಸಲು ಈ ಕಾವಲುಗಳನ್ನು ಕಾಪಾಡಿದರು. ಇವು ಮೊದಲಿನಿಂದಲೂ ನಿರ್ವಹಣೆಯ ಹುಲ್ಲುಗಾವಲುಗಳೇ. ಮನುಷ್ಯನ ಕೈ ತಾಗದ ಹುಲ್ಲು ಎಂದು ಭಾವಿಸುವುದು ತಪ್ಪು. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಶೋಧನೆಗೂ ಇತರ ವಿಜ್ಞಾನ ಸಂಸ್ಥೆಗಳಿಗೂ ಹೋಯಿತು. ಕಡೂರು ತಾಲ್ಲೂಕಿನಲ್ಲಿ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಗಿ ಉಳಿದುಕೊಂಡಿತು. ಅಲ್ಲಿ ಕೃಷ್ಣಮೃಗ, ತೋಳ ಎಂದ ಕೂಡಲೇ ಜನ ಕೇಳುತ್ತಾರೆ. ಜೀರುಂಡೆ ಎಂದರೆ ಕೇಳುವುದಿಲ್ಲ.

ಮಲೆನಾಡಿನವಳು:
ನಿಜವಾಗಿಯೂ ಕೇಳುತ್ತಿದ್ದೇನೆ, ಬೇಸರ ಬೇಡ. ಜೀರುಂಡೆ ಇದ್ದರೆ ಊರಿಗೆ ಏನು ಸಿಗುತ್ತದೆ? ಸಭೆಯಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತದೆ.

ಬಯಲುಸೀಮೆ ರೈತ:
ಬೆಳೆಗೆ ಬೀಳುವ ಹುಳುಗಳನ್ನು ತಿನ್ನುತ್ತವೆ, ಅಷ್ಟು ಸಾಲದೇ? ನಮ್ಮ ಮೆಕ್ಕೆಜೋಳಕ್ಕೆ 2018ರಿಂದ ಸೈನಿಕ ಹುಳು ಬಿದ್ದು ಎಷ್ಟು ಔಷಧಿ ಹೊಡೆದಿದ್ದೇವೆ! ಆ ಹುಳು ಬೆಳೆದ ಮೇಲೆ ಕೋಶವಾಗಲು ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ಮೇಲೆ ರಾತ್ರಿ ಕಾವಲು ಕಾಯುವವರು ಇವರೇ.

ಗದ್ದೆಬದು:
ಭತ್ತದ ಗದ್ದೆಯಲ್ಲಿಯೂ ಇವೆ. ಓಫಿಯೋನಿಯಾ ಎಂಬ ತೆಳ್ಳಗಿನ ಕೆಂಪು ಕಪ್ಪು ಜೀರುಂಡೆ ಎಲೆಸುರುಳಿ ಹುಳುವಿನ ಮಡಿಕೆಯೊಳಗೇ ನುಗ್ಗಿ ತಿನ್ನುತ್ತದೆ, ಜಿಗಿಹುಳುಗಳನ್ನೂ ಹಿಡಿಯುತ್ತದೆ. ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆಯುವುದನ್ನು ಬಿಟ್ಟ ಮೇಲೆ ನಮ್ಮಲ್ಲಿ ಹೆಚ್ಚು ಕಾಣುತ್ತಿವೆ. ಇಂಗ್ಲೆಂಡಿನಲ್ಲಿ ಇದಕ್ಕಾಗಿಯೇ ದೊಡ್ಡ ಹೊಲಗಳ ನಡುವೆ ಮಣ್ಣೇರಿಸಿ ಹುಲ್ಲು ಬೆಳೆಸಿ ಜೀರುಂಡೆಗಳ ದಿಬ್ಬ ಮಾಡುತ್ತಾರೆ. ಚಳಿಗಾಲದಲ್ಲಿ ಹುಲ್ಲಿನ ಬುಡದಲ್ಲಿ ಅಡಗಿದ್ದು, ವಸಂತ ಬಂದಾಗ ಅವು ಬೆಳೆಗೆ ಇಳಿಯುತ್ತವೆ. ನಮ್ಮ ಬದುಗಳು ಮೊದಲಿನಿಂದಲೂ ಇದೇ ಕೆಲಸ ಮಾಡುತ್ತಿದ್ದವು. ಈಗ ಅಂಗುಲ ಜಾಗಕ್ಕಾಗಿ ಬದುವನ್ನೇ ಕಡಿದು ಹಾಕುತ್ತಿದ್ದೇವೆ.

ಗುಳ್ಳೆನರಿ:
ಉಪಯೋಗದ ಲೆಕ್ಕ ಒಂದೇ ಸಾಲದು. ಗುಳ್ಳೆನರಿಯ ಹಿಕ್ಕೆ ಬಿಡಿಸಿ ನೋಡಿ, ಜೀರುಂಡೆಯ ಕವಚದ ಚೂರುಗಳು ಸಿಗುತ್ತವೆ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಆಹಾರದಲ್ಲಿಯೂ ಜೀರುಂಡೆಗಳಿವೆ. ಆ ಹಕ್ಕಿ ಕರ್ನಾಟಕದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಇಳಿದಿದೆ. ಹುಳುಗಳು ಹೋದ ಹುಲ್ಲಿಗೆ ಯಾವ ಹಕ್ಕಿ ಬರುತ್ತದೆ?

ಪಶುವೈದ್ಯ:
ಯಾರೂ ಎತ್ತದ ಒಂದು ವಿಷಯ. ದನಕ್ಕೆ ಜಂತಿನ ಔಷಧಿಯಾಗಿ ಐವರ್‌ಮೆಕ್ಟಿನ್ ಕೊಟ್ಟರೆ ಅದು ಸಗಣಿಯಲ್ಲಿ ಹೊರಬರುತ್ತದೆ. ಅಂಥ ಸಗಣಿಯಲ್ಲಿ ನೊಣದ ಹುಳು, ಸಗಣಿ ಜೀರುಂಡೆಯ ಮರಿಹುಳು ಸಾಯುತ್ತವೆ. ನೆಲಜೀರುಂಡೆಗಳಲ್ಲಿ ಹಲವು ಸಗಣಿಯ ಕೆಳಗೆ ಸೇರಿ ಇವನ್ನೇ ಬೇಟೆಯಾಡುತ್ತವೆ. ಹಿಂಡಿಗೆಲ್ಲ ಒಂದೇ ದಿನ ಚುಚ್ಚಿ, ಅದೇ ದಿನ ಕಾವಲಿಗೆ ಹೊಡೆಯಬೇಡಿ. ಸಗಣಿ ಪರೀಕ್ಷೆ ಮಾಡಿಸಿ ಅಗತ್ಯವಿರುವ ದನಕ್ಕೆ ಮಾತ್ರ ಕೊಡಿಸಿ, ಕೆಲವು ದಿನ ಕೊಟ್ಟಿಗೆಯಲ್ಲಿ ಕಟ್ಟಿ.

ಕುರಿಹಟ್ಟಿ:
ಡಾಕ್ಟರೇ, ಕೆಲವು ದಿನ ಕಟ್ಟಿದರೆ ಮೇವು ಯಾರು ತರುತ್ತಾರೆ? ಪರೀಕ್ಷೆಗೆ ಆಸ್ಪತ್ರೆ ಹದಿನೈದು ಕಿಲೋಮೀಟರ್ ದೂರ.

ಪಶುವೈದ್ಯ:
ಇಡೀ ಹಿಂಡು ಬೇಡ, ಚುಚ್ಚಿದವನ್ನು ಮಾತ್ರ ಕಟ್ಟಿ. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮಾದರಿ ಸಂಗ್ರಹಕ್ಕೆ ಹಟ್ಟಿಗೇ ಬರುವಂತೆ ಇಲಾಖೆಯ ಶಿಬಿರವನ್ನು ಪಂಚಾಯಿತಿಯ ಮೂಲಕ ಕೇಳಬಹುದು.

ಶಾಲೆಯ ಮೇಷ್ಟ್ರು:
ಮಕ್ಕಳಿಂದ ಗುಂಡಿಬಲೆ ಹಾಕಿಸಬಹುದೇ? ಎಂಟನೆಯ ತರಗತಿಯವರು ಬಹಳ ಉತ್ಸಾಹದಲ್ಲಿದ್ದಾರೆ. ಡಾರ್ವಿನ್ ಕೇಂಬ್ರಿಜ್‌ನಲ್ಲಿ ಓದುವಾಗ ಎರಡೂ ಕೈಯಲ್ಲಿ ಜೀರುಂಡೆ ಹಿಡಿದು, ಮೂರನೆಯದು ಕಂಡಾಗ ಒಂದನ್ನು ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಂಡ ಕಥೆ ಹೇಳಿದಾಗಿನಿಂದ ದಿನವೂ ಕೇಳುತ್ತಿದ್ದಾರೆ.

ಕೀಟಶಾಸ್ತ್ರ ವಿದ್ಯಾರ್ಥಿನಿ:
ಹಾಕಬಹುದು ಸರ್, ಆದರೆ ಕೊಲ್ಲದ ಬಗೆಯಲ್ಲಿ. ಜಾಗ ಸಂರಕ್ಷಣಾ ಮೀಸಲಿನ ಒಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹಿಡಿಯಬಾರದು. ಶಾಲೆಯ ಆಟದ ಮೈದಾನ, ಗೋಮಾಳದ ಅಂಚಿನಲ್ಲಿ ಮಾಡಿ. ಲೋಟದ ಬಾಯಿ ನೆಲಕ್ಕೆ ಸರಿಯಾಗಿ ಸಮವಿರಲಿ, ಕೂದಲೆಳೆಯಷ್ಟು ಮೇಲಿದ್ದರೂ ಸಣ್ಣವು ಸುತ್ತಿ ಹೋಗುತ್ತವೆ. ತಳಕ್ಕೆ ತೂತು ಮಾಡಿ, ಮಳೆನೀರು ನಿಲ್ಲದಂತೆ. ಮೇಲೆ ನಾಲ್ಕು ಕಲ್ಲಿನ ಮೇಲೆ ಹೆಂಚಿನ ಚೂರು ಇಡಿ. ಒಳಗೆ ಮಣ್ಣು, ಒಣ ಎಲೆ ಹಾಕಿ. ಇಲ್ಲದಿದ್ದರೆ ದೊಡ್ಡದು ಸಣ್ಣದನ್ನು ತಿಂದು ಬೆಳಿಗ್ಗೆ ಒಂದೇ ಉಳಿದಿರುತ್ತದೆ. ಅಗೆದ ಮೊದಲ ಕೆಲವು ದಿನಗಳ ಲೆಕ್ಕ ಬಿಟ್ಟುಬಿಡಿ, ಕದಡಿದ ಮಣ್ಣಿಗೆ ಜೀರುಂಡೆಗಳು ಹೆಚ್ಚು ಬರುತ್ತವೆ. ಪ್ರತಿ ಬೆಳಿಗ್ಗೆ ಬಿಸಿಲೇರುವ ಮುನ್ನ ನೋಡಿ ಬಿಡಿ, ಕಪ್ಪೆ, ಹಾವುರಾಣಿ ಬೀಳದಂತೆ ಬಾಯಿಗೆ ಅಗಲ ಕಣ್ಣಿನ ಜಾಲರಿ ಕಟ್ಟಿ. ಕೆಲಸ ಮುಗಿದ ಮೇಲೆ ಲೋಟ ಕಿತ್ತು ಗುಂಡಿ ಮುಚ್ಚಲೇಬೇಕು.

ಇನ್ನೊಂದು ಮಾತು. ಒಂದೇ ಜಾಗದಲ್ಲಿ ವರ್ಷ ವರ್ಷವೂ ಮಾಡಿದರೆ ಮಾತ್ರ ಬೆಲೆ. ನೆದರ್‌ಲ್ಯಾಂಡ್ಸ್‌ನ ಡ್ರೆಂಥೆ ಪ್ರಾಂತ್ಯದಲ್ಲಿ 1959ರಲ್ಲಿ ಹೂತ ಗುಂಡಿಬಲೆಗಳ ಲೆಕ್ಕವನ್ನು ಅರ್ಧ ಶತಮಾನಕ್ಕೂ ಮೀರಿ ಮುಂದುವರಿಸಿದರು. ಕುಸಿತ ಕಂಡದ್ದು ಆ ತಾಳ್ಮೆಯಿಂದ.

ಜೀರುಂಡೆ ಛಾಯಾಗ್ರಾಹಕ:
ಹಳದಿ ಕಪ್ಪು ಬಣ್ಣದ್ದು ಬಿದ್ದರೆ ಮಕ್ಕಳು ಮುಟ್ಟದಿರಲಿ. ಫೆರೋಪ್ಸೋಫಸ್, ಸಿಡಿಜೀರುಂಡೆ. ಹೊಟ್ಟೆಯೊಳಗೆ ಎರಡು ರಾಸಾಯನಿಕಗಳನ್ನು ಬೇರೆ ಬೇರೆ ಇಟ್ಟುಕೊಂಡು, ಬೇಕಾದಾಗ ಬೆರೆಸಿ ಸುಮಾರು ನೂರು ಡಿಗ್ರಿ ಬಿಸಿಯ ದ್ರವವನ್ನು ಪಟ್ ಎಂದು ಸಿಡಿಸುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ.

ಮಲೆನಾಡಿನವಳು:
ನಮ್ಮ ತೋಟದ ಕಾಲುವೆ ಬದಿಯಲ್ಲಿ ಕಲ್ಲೆತ್ತಿದರೆ ಅದೇ ಇರುತ್ತದೆ! ಅಡಿಕೆ ಬೇರಿನ ಗೊಣ್ಣೆಹುಳುವನ್ನು ತಿನ್ನುತ್ತದೆಯೇ?

ಜೀರುಂಡೆ ಛಾಯಾಗ್ರಾಹಕ:
ಗೊಣ್ಣೆಹುಳು ಆಳದಲ್ಲಿರುತ್ತದೆ, ಅದಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ. ಈ ಕುಲದ ಕೆಲವು ಜಾತಿಗಳ ಮರಿಹುಳು ಮಣ್ಣಿನಲ್ಲಿ ಬಿಲ ತೋಡುವ, ಮಿಡತೆಯಂಥ ಕೀಟದ (ಮೋಲ್ ಕ್ರಿಕೆಟ್) ಮೊಟ್ಟೆ ತಿಂದೇ ಬೆಳೆಯುತ್ತದೆ.

ಗುಳ್ಳೆನರಿ:
ಬೆಂಕಿಯ ವಿಷಯ ಯಾರೂ ಹೇಳಲಿಲ್ಲ. ಶಿವರಾತ್ರಿಯ ಹೊತ್ತಿಗೆ ಯಾರೋ ಕಡ್ಡಿ ಗೀರುತ್ತಾರೆ, ಇಡೀ ಗುಡ್ಡ ಕಪ್ಪಾಗುತ್ತದೆ. ಅದನ್ನು ಪೂರ್ತಿ ನಿಲ್ಲಿಸಬೇಕು.

ಕುರಿಹಟ್ಟಿ:
ಸುಟ್ಟ ಕಡೆಯೇ ಮೊದಲ ಮಳೆಗೆ ಎಳೆಹುಲ್ಲು ಚಿಗುರುವುದು. ಹಳೆಯ ಕರಡವನ್ನು ಯಾವ ಕುರಿಯೂ ತಿನ್ನುವುದಿಲ್ಲ.

ಕೀಟಶಾಸ್ತ್ರ ವಿದ್ಯಾರ್ಥಿನಿ:
ಇಬ್ಬರ ಮಾತಿನ ನಡುವೆ ಒಂದು ದಾರಿ ಇದೆ. ಬೇಸಿಗೆಯಲ್ಲಿ ಹಲವು ಜಾತಿಗಳು ಮಣ್ಣಿನ ಬಿರುಕಿನಲ್ಲಿ, ಕಲ್ಲಿನಡಿಯಲ್ಲಿ ಇಳಿದಿರುತ್ತವೆ. ಹುಲ್ಲಿನ ಬೆಂಕಿ ಬೇಗ ಹಾದುಹೋಗುವುದರಿಂದ ಆಳದ ಮಣ್ಣು ಅಷ್ಟು ಕಾಯುವುದಿಲ್ಲ. ದೊಡ್ಡ ಪೆಟ್ಟು ಬೀಳುವುದು ಆಮೇಲೆ, ಅಡಗಲು ಹುಲ್ಲಿಲ್ಲದ ಬೋಳು ನೆಲದಲ್ಲಿ. ಪಕ್ಕದಲ್ಲಿ ಸುಡದ ತುಂಡು ಉಳಿದಿದ್ದರೆ ಅಲ್ಲಿಂದ ಮತ್ತೆ ಹರಡುತ್ತವೆ. ಇಡೀ ಕಾವಲು ಒಂದೇ ದಿನ ಸುಟ್ಟರೆ ಹಾರಲಾರದವು ಎಲ್ಲಿಂದ ಬರಬೇಕು? ಹಾಗೆಂದು ನೀವೇ ಬೆಂಕಿ ಹಾಕಬೇಡಿ, ಅರಣ್ಯ ಜಾಗದಲ್ಲಿ ಅದು ಅಪರಾಧ.

ಹೆಸರಘಟ್ಟದ ಹಕ್ಕಿ ನೋಡುವವಳು:
ಮೂಲ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕಂದಕ ಮತ್ತು ಸಸಿ. ಮೇಯಿಸಿದ ಹುಲ್ಲು ಬಿಟ್ಟರೆ ಚಿಗುರುತ್ತದೆ. ಜೆಸಿಬಿ ತೋಡಿದ ನೆಲ ಹಾಗಲ್ಲ. ಹಾರಲಾರದ ಜೀರುಂಡೆಗೆ ಸುತ್ತಲೂ ತೋಡಿದ ಕಂದಕ ಕಿಲೋಮೀಟರುಗಟ್ಟಲೆ ಉದ್ದದ ಗುಂಡಿಬಲೆ. ಅಂಥ ಕಂದಕದಲ್ಲಿ ಮಳೆ ಬಂದ ಮರುದಿನ ಇಳಿದು ನೋಡಿದವರಿಗೆ ಗೊತ್ತು, ಹುಳು, ಕಪ್ಪೆ, ಹಾವಿನ ಮರಿ ಎಲ್ಲ ತೇಲುತ್ತಿರುತ್ತವೆ. ಸಸಿಯ ಗುಂಡಿಗಾಗಿ ಎತ್ತಿ ಬಿಸಾಡುವ ಕಲ್ಲುಗಳ ಅಡಿಯೇ ಅವುಗಳ ಹಗಲಿನ ಮನೆ. ಮರ ಬೆಳೆದು ನೆರಳಾದರೆ ಬಿಸಿಲಿನ ಹುಲ್ಲೂ ಹೋಗುತ್ತದೆ, ಅದನ್ನು ನಂಬಿದ ಜಾತಿಗಳೂ ಹೋಗುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗದ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟದ್ದು ಕಣ್ಣ ಮುಂದೆ ಇದೆಯಲ್ಲ. ಹೆಸರಘಟ್ಟದಲ್ಲಿ ಹುಲ್ಲನ್ನು ಹುಲ್ಲಾಗಿಯೇ ಉಳಿಸಿ ಎನ್ನಲು ಎಷ್ಟು ವರ್ಷ ಓಡಾಡಬೇಕಾಯಿತು!

ಬಯಲುಸೀಮೆ ರೈತ:
ಗಿಡ ನೆಡುವುದನ್ನೇ ವಿರೋಧಿಸಿದರೆ ಊರಿನಲ್ಲಿ ಯಾರೂ ನಿಮ್ಮ ಪರ ನಿಲ್ಲುವುದಿಲ್ಲ. ಶಾಲೆಯ ಹತ್ತಿರ, ಕೆರೆ ಏರಿಯ ಕೆಳಗೆ, ರಸ್ತೆಬದಿಯಲ್ಲಿ ಜಾಗ ತೋರಿಸಿ. ಹೊಂಗೆ, ಬೇವು ಅಲ್ಲಿ ಬೆಳೆಯಲಿ.

ಕಾವಲಂಚಿನ ಮನೆ:
ಇದನ್ನು ಬರೆದುಕೊಂಡೆ. ಸಭೆಯಲ್ಲಿ ಇಡುವುದು ಹೀಗೆ: ಕಂದಕ ಬೇಡ. ಸಸಿಗಳಿಗೆ ಕೆರೆ ಏರಿಯ ಕೆಳಗಿನ ಜಾಗ. ಕಾವಲನ್ನು ಮೂರು ತುಂಡು ಮಾಡಿ ಸರದಿಯಲ್ಲಿ ಮೇಯಿಸುವುದು. ಬೇಲಿಯೊಳಗೆ ಕೊಯ್ಯುವಾಗ ಹತ್ತರಲ್ಲಿ ಒಂದು ಪಟ್ಟಿ ಬಿಡುವುದು. ಕಲ್ಲುಗುಡ್ಡೆಗಳನ್ನು ಮುಟ್ಟದಿರುವುದು.

ಗದ್ದೆಬದು:
ಹತ್ತರಲ್ಲಿ ಒಂದು ಸಾಲದು. ನಾಲ್ಕು ಸೆಂಟಿಮೀಟರಿನ ಬೇಟೆಗಾರನಿಗೆ ಒಂದು ಗೆರೆಯಷ್ಟು ಹುಲ್ಲಿನಲ್ಲಿ ಬದುಕಲು ಆಗುವುದಿಲ್ಲ. ಮೂರರಲ್ಲಿ ಒಂದನ್ನು ಕೇಳಿ, ಚೌಕಾಸಿಯಲ್ಲಿ ಐದರಲ್ಲಿ ಒಂದಾದರೂ ಉಳಿಯಲಿ.

ಬವೇರಿಯಾದ ಕನ್ನಡಿಗ:
ಒಪ್ಪುವುದಿಲ್ಲ. ಇಲ್ಲಿ ಹತ್ತರಲ್ಲಿ ಒಂದಕ್ಕೇ ರೈತರನ್ನು ಒಪ್ಪಿಸುವುದು ಕಷ್ಟವಾಗಿದೆ. ಬರಗಾಲದ ವರ್ಷ ಮೂರನೆಯ ಒಂದು ಭಾಗದ ಹುಲ್ಲು ಬಿಡಿ ಎಂದರೆ ಇಡೀ ಯೋಜನೆಯೇ ಬಿದ್ದುಹೋಗುತ್ತದೆ.

ಕುರಿಹಟ್ಟಿ:
ಎರಡೂ ಲೆಕ್ಕ ಆಮೇಲೆ. ಮೂರು ತುಂಡು ಎಂದಿರಲ್ಲ, ಮಳೆಗಾಲದಲ್ಲಿ ಯಾವ ತುಂಡು ಮುಚ್ಚುತ್ತೀರಿ? ಕುಡಿಯುವ ನೀರಿನ ಕಟ್ಟೆ ಇರುವುದು ಒಂದೇ ತುಂಡಿನಲ್ಲಿ. ಅದನ್ನು ಮುಚ್ಚಿದರೆ ಹಟ್ಟಿಯವರು ಒಪ್ಪುವುದಿಲ್ಲ, ಈಗಲೇ ಹೇಳಿರುತ್ತೇನೆ. ಸಭೆಯ ದಿನ ತಿಳಿಸಿ, ನಮ್ಮ ಹಟ್ಟಿಯಿಂದಲೂ ಜನ ಬರುತ್ತಾರೆ.

ಕಾವಲಂಚಿನ ಮನೆ:
ಬರಬೇಕು ಅಣ್ಣಾ. ಕಟ್ಟೆಯ ಸುತ್ತ ಮೂರು ತುಂಡಿಗೂ ಸೇರುವಂತೆ ದನ ಹೋಗುವ ದಾರಿ ಬಿಡೋಣ. ನಕ್ಷೆ ಹಾಕಿ ನಾಳೆ ಇಲ್ಲಿಯೇ ಹಾಕುತ್ತೇನೆ, ಯಾವ ತುಂಡು ಯಾವ ಮಳೆಗೆ ಎಂದು ನೀವೇ ಗುರುತು ಹಾಕಿಕೊಡಿ.